ಕ್ಯಾಪಿಟಲ್ ಮೇಷ್ಟ್ರು

ಬೇಲೂರಿನ ನಮ್ಮ ಕಂಪ್ಯೂಟರ್ ಸೆಂಟರಿನ ಕೆಂಚಪ್ಪ ಮೇಷ್ಟ್ರಿಗೆ ವೆಬ್‌ಪುಟ ಕಟ್ಟಲು ಬರೆಯುವ ಟ್ಯಾಗು ಎಂಬ ಸಂಕೇತಪದಗಳೆಲ್ಲ ಕ್ಯಾಪಿಟಲ್ ಅಕ್ಷರದಲ್ಲೇ ಇರಬೇಕು. “ಟ್ಯಾಗು ಅಂದ್ರೆ ಮದುವೆಮನೆ ಯಜಮಾನ ಕಣ್ರಮ್ಮಾ, ಎದ್ದು ಕಾಣ್ಬೇಕು” ಎನ್ನುತ್ತಾರೆ. ಅವರ ತರಗತಿಯಲ್ಲಿ ಕ್ಯಾಪ್ಸ್‌ಲಾಕಿನ ಹಸಿರು ದೀಪ ನಂದಾದೀಪದ ಹಾಗೆ ಆರುವುದೇ ಇಲ್ಲ. ಈ ವರ್ಷದ ಹೊಸ ಪಠ್ಯಪುಸ್ತಕವೋ ಟ್ಯಾಗೆಲ್ಲ ಚಿಕ್ಕಕ್ಷರದಲ್ಲಿರಲಿ ಎಂದಿತು. “ಬರ್ದೋರು ಬೇಲೂರಿಗೆ ಬಂದು ಹೇಳ್ಲಿ” ಎಂದು ಮೇಷ್ಟ್ರು ಅದನ್ನು ಮುಚ್ಚಿಟ್ಟರು. ನಮ್ಮ ತರಗತಿಯ ತುಂಟಿ ಪ್ರತಿಮಾ ಒಂದು ದಿನ ಚಿಕ್ಕಕ್ಷರದಲ್ಲೇ ಬರೆದು, “ಸಾರ್, ತಪ್ಪು ಹುಡುಕಿ ನೋಡೋಣ” ಎಂದು ಕರೆದಳು. ಅವರು ಮೂಗು ಪರದೆಗೆ ತಾಗುವಷ್ಟು ಬಗ್ಗಿದರು. ಕಣ್ಣುಜ್ಜಿಕೊಂಡು ಮೆಲ್ಲಗೆ, “ನೀನೇ ಓದಮ್ಮಾ, ಕೇಳ್ತೀನಿ” ಎಂದರು. ಅವರ ಕಣ್ಣು ಮಂಜಾದದ್ದು ನಮಗೆ ಆಗ ತಿಳಿಯಿತು; ಸೆಂಟರಿನ ಮಾಲೀಕರಿಗೆ ತಿಳಿದರೆ ಕೆಲಸ ಉಳಿಯುವುದಿಲ್ಲ. ಈಗ ನಾವು ಪರೀಕ್ಷೆಗೆಂದು ಮನೆಯಲ್ಲಿ ಚಿಕ್ಕಕ್ಷರ ಬರೆದು ಕಲಿಯುತ್ತೇವೆ. ಮೇಷ್ಟ್ರು ಬೆನ್ನ ಹಿಂದೆ ಬಂದು ನಿಂತಾಗ ಮಾತ್ರ ಎಲ್ಲರದೂ ಕ್ಯಾಪಿಟಲ್, ಅದೂ ಎರಡು ಸೈಜು ದೊಡ್ಡದು.