ಅಂಗಡಿಯಲ್ಲಿ ಸಿಗುವ ಇಂಗ್ಲಿಷ್

ಪರೀಕ್ಷೆಯ ಭಯವಿಲ್ಲದೆ ಮಕ್ಕಳ ಇಂಗ್ಲಿಷ್ ಅಳೆಯುವುದು ಹೇಗೆಂದು ಕಲಿಸಲು ನಮ್ಮನ್ನು ಮೂರು ದಿನ ದಿಂಡಿಗಲ್‌ಗೆ ಕರೆಸಿದ್ದರು. ಕಲಿಸಲು ಬಂದ ಮನುಷ್ಯ ಮೂರು ದಿನವೂ ಪರದೆಯ ಮೇಲಿನ ಅಕ್ಷರಗಳನ್ನೇ ಗಟ್ಟಿಯಾಗಿ ಓದಿದ, ಎದುರು ಕೂತ ಮೇಷ್ಟರುಗಳಿಗೆ ಓದಲು ಬಾರದೆಂಬಂತೆ. ಅವನು ಹೇಳಿದ್ದರ ಸಾರ ಇಷ್ಟು: ಇನ್ನು ಮೇಲೆ ಅರ್ಧ ಅಂಕ ಪ್ರಶ್ನೆಪತ್ರಿಕೆಗೆ, ಉಳಿದರ್ಧ ಮಗು ತಾನೇ ಬರೆದು ಕೂಡಿಸಿದ ಫೈಲಿಗೆ. ಆಲೋಚನೆ ಕೆಟ್ಟದ್ದಲ್ಲ. ಅದನ್ನು ಕೆಡಿಸಲು ನಾವಿದ್ದೆವು.

ತಮಿಳುನಾಡಿನ ಕಂಬಂ ಹತ್ತಿರದ ಒಂದು ಶಾಲೆಯಲ್ಲಿ ನಾನು ಏಳನೇ ತರಗತಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ತಿಂಗಳು ಕಳೆಯುವುದರೊಳಗೆ ಬಸ್‌ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯವನು ಸಿದ್ಧ ಫೈಲು ಮಾರತೊಡಗಿದ. ಹೆಸರಿನ ಜಾಗ ಮಾತ್ರ ಖಾಲಿ. ನನ್ನ ಮೇಜಿಗೆ ಬಂದ ಫೈಲುಗಳಲ್ಲಿ ಎಲ್ಲರ ಅಪ್ಪಂದಿರೂ ಡಾಕ್ಟರು, ಎಲ್ಲರ ಮನೆಯಲ್ಲೂ ಬಿಳಿ ನಾಯಿ. ಆ ಅಪ್ಪಂದಿರಲ್ಲಿ ಅರ್ಧ ಜನರನ್ನು ನಾನು ಬಲ್ಲೆ. ಒಬ್ಬ ಲಾರಿಗೆ ಬಾಳೆಗೊನೆ ತುಂಬುತ್ತಾನೆ. ತಾನು ಡಾಕ್ಟರಾದದ್ದು ಅವನಿಗೇ ಗೊತ್ತಿರಲಿಲ್ಲ.

ಒಬ್ಬಳೇ ಒಬ್ಬಳ ಫೈಲು ಬೇರೆಯಾಗಿತ್ತು. ನಮ್ಮ ಮನೆಯವರ ಹಾಗೆಯೇ ಒಳಗೆ ಕನ್ನಡ, ಹೊರಗೆ ತಮಿಳು ಆಡುವ ದ್ರಾಕ್ಷಿ ತೋಟದವರ ಮಗಳು. ನಾಲ್ಕೇ ಹಾಳೆ, ತುಂಬ ಕಾಗುಣಿತದ ತಪ್ಪು. ದ್ರಾಕ್ಷಿ ಬಳ್ಳಿ ಕತ್ತರಿಸುವುದು ಹೇಗೆಂದು ಬರೆದಿದ್ದಳು. ನಾನು ಅವಳನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು ಇಂಗ್ಲಿಷಿನಲ್ಲೇ ಕೇಳಿದೆ, ಕತ್ತರಿಸಿದ ಮೇಲೆ ಏನಾಗುತ್ತದೆ?

"ಪ್ಲಾಂಟ್ ಕ್ರೈಯಿಂಗ್, ಟೀಚರ್," ಎಂದಳು. "ವಾಟರ್ ಕಮಿಂಗ್ ಫ್ರಮ್ ಕಟ್. ಟೂ ತ್ರೀ ಡೇಸ್. ಆಫ್ಟರ್ ದಟ್ ಓನ್ಲಿ ನ್ಯೂ ಲೀಫ್."

ಹತ್ತು ನಿಮಿಷ ಹೀಗೇ ಮಾತಾಡಿದಳು. ಪದ ಸಿಗದಿದ್ದಾಗ ಬೆರಳಲ್ಲೇ ಕತ್ತರಿ ಆಡಿಸಿ ತೋರಿಸಿ ಮುಂದುವರಿದಳು. ನಾನು ಪೂರ್ತಿ ಅಂಕ ಕೊಟ್ಟೆ.

ಆಮೇಲೆ ತಪಾಸಣೆಗೆ ಅಧಿಕಾರಿ ಬಂದರು. ಒಬ್ಬ ಹುಡುಗನ ಮಿನುಗುಪುಡಿ ಅಂಟಿಸಿದ ಅಂಗಡಿ ಫೈಲು ಎತ್ತಿ ಹೆಡ್‌ಮಿಸ್ಟ್ರೆಸ್‌ಗೆ ತೋರಿಸಿ ಮೆಚ್ಚಿ ತಲೆಯಾಡಿಸಿದರು. ಒಳಗಿನದನ್ನು ಒಂದು ಸಾಲೂ ಓದಲಿಲ್ಲ. ಈ ಹುಡುಗಿಯದನ್ನು ಎರಡು ಬೆರಳಲ್ಲಿ ಹಿಡಿದು, "ಇದಕ್ಕೆ ಪೂರ್ತಿ ಅಂಕವಾ?" ಎಂದು ತಮಿಳಿನಲ್ಲಿ ಕೇಳಿದರು.

"ಅವಳನ್ನೇ ಕರೀತೀನಿ ಸಾರ್. ಎರಡು ನಿಮಿಷ ಇಂಗ್ಲಿಷಲ್ಲಿ ಮಾತಾಡಿಸಿ ನೋಡಿ."

"ಮಾತಿಗೆ ಫಾರಮ್ಮಿನಲ್ಲಿ ಕಾಲಂ ಎಲ್ಲಿದೆ?" ಎಂದರು. ಅವರಿಗೆ ಆ ಎರಡು ನಿಮಿಷದ ಭಯವಿತ್ತು ಎಂದು ನನ್ನ ಖಚಿತ ಅನುಮಾನ. ಇಡೀ ಬೆಳಿಗ್ಗೆ ಅವರ ಬಾಯಿಂದ ಒಂದು ಇಂಗ್ಲಿಷ್ ವಾಕ್ಯ ಹೊರಬಿದ್ದಿರಲಿಲ್ಲ.

ಸಂಜೆ ಹೆಡ್‌ಮಿಸ್ಟ್ರೆಸ್ ಕೆಂಪು ಪೆನ್ನು ಕೊಟ್ಟು ಅಂಕ ಇಳಿಸಿ ತಿದ್ದಿ ಅಂದರು. ತಿದ್ದಿದೆ. ಬೇರೆಯವರ ಬಗ್ಗೆ ಇಷ್ಟು ಹೀನಾಯವಾಗಿ ಬರೆಯುತ್ತಿರುವ ನಾನೇ ಅದನ್ನು ಮಾಡಿದೆ.

ಮೂರನೆಯ ದಿನ ಹುಡುಗಿಯ ತಾಯಿ ತೋಟದಿಂದ ನೇರ ಬಂದರು.

"ಏನ್ ಟೀಚರು, ಮಗ್ಳು ಬರ್ದಿದ್ದು ತಪ್ಪಾ?"

"ತಪ್ಪೇನಿಲ್ಲಕ್ಕಾ."

"ಅಂಗಡೀಲಿ ತಂದು ಕೊಟ್ಟಿದ್ರೆ ಬರ್ತಿತ್ತಾ ಮಾರ್ಕು?"

"ಬರ್ತಿತ್ತು."

ಅವರು ನನ್ನನ್ನು ತಲೆಯಿಂದ ಕಾಲವರೆಗೆ ಒಮ್ಮೆ ನೋಡಿದರು. "ಸರಿ, ಪರವಾಯಿಲ್ಲ. ಇಂಗ್ಲೀಸ್ ಓದಿದೋರು ನೀವೇ ಇಂಗೆ ಅಂದ್ರೆ ನಾನ್ ಏನ್ ಸೊಲ್ಲೋದು," ಎಂದು ಹೊರಟೇಬಿಟ್ಟರು. ಯಾವ ಅಧಿಕಾರಿಯೂ ನನ್ನನ್ನು ಅಷ್ಟು ಸರಿಯಾಗಿ ತಪಾಸಣೆ ಮಾಡಿಲ್ಲ.

ಮುಂದಿನ ಅವಧಿಯಿಂದ ಅಂಗಡಿ ಫೈಲು ತರಬೇಡಿ ಎಂದೆ. ಪ್ರತಿ ಮಗುವನ್ನೂ ಮರದ ಕೆಳಗೆ ಕೂರಿಸಿ, ಮನೆಯಲ್ಲಿ ಮಾಡುವ ಒಂದು ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳಿಸಿದೆ. ಹೇಳಿದ್ದನ್ನು ಅವರ ಕೈಯಲ್ಲೇ ಹಾಳೆಯ ಮೇಲೆ ಬರೆಸಿದೆ. ಮಿನುಗುಪುಡಿಯ ಹುಡುಗ ಮೊದಲ ಸಲ ಬಾಯೇ ಬಿಡಲಿಲ್ಲ. ನಾಲ್ಕನೆಯ ಸಲ ಆಡಿನ ಹಾಲು ಕರೆಯುವುದನ್ನು ವಿವರಿಸಿದ. ದ್ರಾಕ್ಷಿ ತೋಟದ ಹುಡುಗಿಗೆ ಪೂರ್ತಿ ಅಂಕ ಹಾಕಿದೆ, ಈ ಸಲ ಅಳಿಸಲಾಗದ ಶಾಯಿಯಲ್ಲಿ.

ಫಾರಮ್ಮಿನಲ್ಲಿ ಫೈಲಿಗೆಂದಿದ್ದ ಕಾಲಮ್ಮಿನಲ್ಲಿ ನಾನು ಬರೆದದ್ದು ಮಾತಿನ ಅಂಕ. ಮತ್ತೆ ತಪಾಸಣೆ ಆಯಿತು. ಕಾಲಂ ತುಂಬಿತ್ತು, ಆದ್ದರಿಂದ ಎಲ್ಲರಿಗೂ ಸಮಾಧಾನ. ಅಂಕ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.