ಹಾಡು ಹಾಕದ ಮದುವೆ ಕ್ಯಾಸೆಟ್ಟುಗಳು

ಡ್ರಾಯಿಂಗ್ ಮೇಷ್ಟ್ರ ಉಗುರಿನ ಸಂದಿಯಲ್ಲಿ ಯಾವಾಗಲೂ ಬೂಷ್ಟು ಇರುತ್ತಿತ್ತು. ಬಣ್ಣವಲ್ಲ, ಬೂಷ್ಟು. ಹಳೇ ವಿಡಿಯೋ ಕ್ಯಾಸೆಟ್ಟುಗಳೊಳಗೆ ಕಟ್ಟಿಕೊಂಡ ಬಿಳಿ ಬೂಷ್ಟನ್ನು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಾ ಕೂರುತ್ತಿದ್ದರು. ನಾನು ಕೊಟ್ಟ ನಿಪ್ಪಟ್ಟನ್ನು ಅದೇ ಕೈಯಲ್ಲಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕೆ.ಆರ್. ನಗರದಲ್ಲಿ ನಮ್ಮ ಪಕ್ಕದ ಮನೆಯವರು. ಹೆಂಡತಿ ತೀರಿಕೊಂಡ ಮೇಲೆ ಹೇಳುವವರು ಕೇಳುವವರು ಇರಲಿಲ್ಲ. ಕೈ ತೊಳೆದುಕೊಂಡು ತಿನ್ನಿ ಅಂದರೆ, "ತಿಂದಾದ್ಮೇಲೆ ತೊಳೀತೀನಿ ಬುಡಿ" ಅನ್ನುತ್ತಿದ್ದರು. ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಊರಿನ ವಿಡಿಯೋ ಸ್ಟುಡಿಯೋ ಮುಚ್ಚಿದಾಗ, ಗುಜರಿಗೆ ಹೊರಟಿದ್ದ ಮದುವೆ ಕ್ಯಾಸೆಟ್ಟುಗಳನ್ನು ಅವರು ಮೂಟೆಗಟ್ಟಲೆ ಮನೆಗೆ ಹೊರಿಸಿಕೊಂಡು ಬಂದಿದ್ದರು. ನಮ್ಮ ನಮ್ಮ ಮನೆಗಳಿಗೆ ಬಂದದ್ದು ಕತ್ತರಿಸಿ, ಸಿನಿಮಾ ಹಾಡು ಹಾಕಿದ ಪ್ರತಿ. ಇವು ಅದಕ್ಕೂ ಮುಂಚಿನವು. ಕ್ಯಾಮೆರಾಕ್ಕೆ ಕಂಡದ್ದು, ಕೇಳಿದ್ದು ಎಲ್ಲ ಹಾಗೇ ಉಳಿದಿತ್ತು. ಅವನ್ನು ಕಂಪ್ಯೂಟರಿಗೆ ಇಳಿಸಿ, ತುಂಡು ತುಂಡು ಜೋಡಿಸಿ ಮೇಷ್ಟ್ರು ಸಿನಿಮಾ ಮಾಡುತ್ತಿದ್ದರು. ಕಥೆ ಇಲ್ಲ, ಹಾಡಿಲ್ಲ. ಒಂದರ ತುಂಬ ಬರೀ ಎಲೆ ಮುಂದೆ ಊಟಕ್ಕೆ ಕಾಯುವ ಕೈಗಳು. ಇನ್ನೊಂದರಲ್ಲಿ ಬೂಷ್ಟು ತಿಂದು ಹಾಕಿದ ಮದುಮಕ್ಕಳ ಮುಖಗಳು. ಇದನ್ನು ಯಾರು ನೋಡುತ್ತಾರೆ ಅಂತ ಕೇಳಿದರೆ ಅವರದು ಒಂದೇ ಉತ್ತರ: "ಕ್ಯಾಮೆರಾ ಎಲ್ಲಿ ಮುಖ ತಿರುಗಿಸ್ಕತದೋ ಅಲ್ಲೇ ನೋಡ್ಬೇಕು ಕಣಮ್ಮ." ತಲೆ ಕೆಟ್ಟಿದೆ ಅಂದುಕೊಂಡು ಎದ್ದು ಬರುತ್ತಿದ್ದೆ.

ಕೊನೆಯ ಸಿನಿಮಾವನ್ನು ತಮ್ಮ ನಡುಮನೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದರು. ಬೀದಿಯವರೆಲ್ಲ ಬಂದಿದ್ದರು. ನನ್ನ ತವರೂರು ಭೇರ್ಯದಿಂದ ನಮ್ಮ ಮನೆಗೆ ಬಂದಿದ್ದ ನನ್ನ ಅಣ್ಣನೂ ಕೂತಿದ್ದ. ಮೊದಮೊದಲು ಏನೂ ತಿಳಿಯಲಿಲ್ಲ. ಕ್ಯಾಮೆರಾ ಮಂಟಪದಿಂದ ಜನರ ಕಡೆ ಬರುತ್ತದೆ, ಅಂಚಿನಲ್ಲಿ ಒಂದು ಬರಿಹಣೆ ಕಂಡ ಕೂಡಲೇ ಸರಕ್ಕನೆ ಚಪ್ಪರದ ಸೊಪ್ಪಿನ ಕಡೆಗೋ ಟ್ಯೂಬ್‌ಲೈಟಿನ ಕಡೆಗೋ ಹೊರಳುತ್ತದೆ. ಇನ್ನೊಂದು ಮದುವೆ, ಇನ್ನೊಂದು ಬರಿಹಣೆ, ಮತ್ತೆ ಟ್ಯೂಬ್‌ಲೈಟು. ಆಮೇಲೆ ಹೊಳೆಯಿತು. ಗಂಡ ಸತ್ತ ಹೆಂಗಸರು ಮದುವೆ ಕ್ಯಾಸೆಟ್ಟಿನಲ್ಲಿ ಬರಕೂಡದು ಅಂತ ವಿಡಿಯೋದವರಿಗೆ ಮನೆಯವರೇ ಮೊದಲು ಹೇಳಿಟ್ಟಿರುತ್ತಿದ್ದರು. ಶುಭಕಾರ್ಯವಂತೆ. ಆ ಹೆಂಗಸರು ಬೇಯಿಸಿದ ಅನ್ನ ಉಣ್ಣುವಾಗ ಮಾತ್ರ ಯಾವ ಅಶುಭವೂ ಇಲ್ಲ. ನಮ್ಮ ಜನದ ಮೇಲೆ ನನಗೆ ಹೇಸಿಗೆ ಬಂದುಹೋಯಿತು.

ಅಷ್ಟರಲ್ಲಿ ಪಂಚೆಯ ಮೇಲೆ ನನ್ನದೇ ಮದುವೆ ಬಂತು. ಅಪ್ಪ ಇರಲಿಲ್ಲವಾದ್ದರಿಂದ ದೊಡ್ಡಪ್ಪ ದೊಡ್ಡಮ್ಮ ಧಾರೆ ಎರೆಯುತ್ತಿದ್ದರು. ಕಂಬದ ಪಕ್ಕ ಅವ್ವ. ಮುಷ್ಟಿಯಲ್ಲಿ ಅಕ್ಷತೆ ಹಿಡಿದು, ಜನರ ತಲೆಗಳ ಸಂದಿಯಲ್ಲಿ ನನ್ನನ್ನು ಹುಡುಕುತ್ತಿದ್ದಳು. ಕ್ಯಾಮೆರಾ ಹೊರಳಿತು. ವಾಲಗದ ಗದ್ದಲದ ನಡುವೆ, ಕ್ಯಾಮೆರಾದ ಪಕ್ಕದಿಂದಲೇ ಅಣ್ಣನ ದನಿ: "ಅವ್ವ, ಒಳೀಕೆ ನಡಿ. ಬೀಗ್ರು ನೋಡ್ತಾವ್ರೆ."

ನನ್ನ ಧಾರೆಗೆ ಅವ್ವ ಯಾಕೆ ಬರಲಿಲ್ಲ ಅಂತ ಅಣ್ಣನನ್ನು ಎಷ್ಟೋ ಸಲ ಕೇಳಿದ್ದೆ. ಅವಳೇ ಒಲ್ಲೆ ಅಂದಳು ಅನ್ನುತ್ತಿದ್ದ. ಅವ್ವನನ್ನು ಕೇಳಿದರೆ, ಒಲೆ ಬಿಟ್ಟು ಬರಲು ಆಗಲಿಲ್ಲ ಅನ್ನುತ್ತಿದ್ದಳು. ಸಾಯುವ ತನಕ ಮಗನನ್ನು ಬಿಟ್ಟುಕೊಡಲಿಲ್ಲ.

ಅಣ್ಣ ಎದ್ದು ಮೇಷ್ಟ್ರ ಮೇಲೆ ಹರಿಹಾಯ್ದ. ಹೇಳದೆ ಕೇಳದೆ ಮನೆ ಹೆಂಗಸನ್ನು ಊರಿಗೆಲ್ಲ ತೋರಿಸಿದ್ದೀರಿ, ಆ ತುಂಡು ಕಿತ್ತುಹಾಕಿ ಅಂದ. ಈಗ ಮನೆ ಹೆಂಗಸಂತೆ. ಅವನ ಮುಖ ನೋಡಲು ನನಗೆ ಅಸಹ್ಯವಾಯಿತು. ಮೇಷ್ಟ್ರು ಅವನ ಜೊತೆ ಜಗಳಕ್ಕೆ ಇಳಿಯದೆ ನನ್ನ ಕಡೆ ತಿರುಗಿದರು.

"ಮದ್ವೆ ನಿಮ್ದು ಕಣಮ್ಮ. ತೆಗೀರಿ ಅಂದ್ರೆ ಈಗ್ಲೇ ತೆಗೀತೀನಿ. ಇರ್ಲಿ ಅಂದ್ರೆ ಯಾರ್ ಬಂದ್ ಹೇಳಿದ್ರೂ ತೆಗೆಯಾಕಿಲ್ಲ."

"ಅದು ಇದ್ರೆ ನಿನ್ನ ಮನೆ ಹೊಸ್ಲು ತುಳಿಯಾಕಿಲ್ಲ ನಾನು" ಅಂತ ಅಣ್ಣ ನನಗೆ ಅಂದ.

ಇರಲಿ ಮೇಷ್ಟ್ರೇ ಅಂದೆ. ಅಣ್ಣ ಆವತ್ತು ಹೋದವನು ಮತ್ತೆ ಬರಲಿಲ್ಲ. ನನಗೆ ತವರು ತಪ್ಪಿತು.

ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಅವರು ಮಾಡಿದ್ದನ್ನು ಕಲೆ ಅನ್ನುತ್ತಾರೋ ಇಲ್ಲವೋ ನಾನರಿಯೆ. ಎಲೆ ಮುಂದಿನ ಕೈಗಳ ಸಿನಿಮಾ ಈಗಲೂ ನನಗೆ ಬೇಜಾರೇ. ಅದೇ ಸುಮಾರಿಗೆ ನಮ್ಮ ಯಜಮಾನರೂ ಹೋದರು.

ಮೊನ್ನೆ ಮಗಳ ಮದುವೆ ಆಯಿತು. ಧಾರೆಯ ಹೊತ್ತಿಗೆ ನಾನು ಅಕ್ಷತೆ ಹಿಡಿದು ಮಂಟಪದ ಹತ್ತಿರ ಹೋದೆ. ಯಾರೂ ಬೇಡ ಅನ್ನಲಿಲ್ಲ. ಈಗಿನ ಜನ ನಾಜೂಕು. ಆದರೆ ವಿಡಿಯೋದವನ ಕ್ಯಾಮೆರಾ ಒಬ್ಬೊಬ್ಬರ ಮೇಲೆ ಹಾದು ಬಂದು, ನನ್ನ ಹತ್ತಿರ ಬರುತ್ತಲೇ ಮೆತ್ತಗೆ ಹೂವಿನ ಅಲಂಕಾರದ ಕಡೆ ಹೊರಳಿತು. ನನಗೆ ಮೈಯೆಲ್ಲ ಉರಿಯಿತು. ಸೀದಾ ಹೋಗಿ ಅದರ ಮೂತಿ ಹಿಡಿದು ನನ್ನ ಮುಖದ ಕಡೆ ತಿರುಗಿಸಿಕೊಂಡೆ.

"ನಾನು ಅಕ್ಷತೆ ಹಾಕಿ ಮುಗ್ಸೋಗಂಟ ಇದನ್ನ ಅಲ್ಲಾಡಿಸ್ಬ್ಯಾಡ ಕಣಪ್ಪ" ಅಂದೆ.

ಅವನು ಅಲ್ಲಾಡಿಸಲಿಲ್ಲ.