ಫೋಟೋದಲ್ಲಿ ನಿಂತ ಹೀರಾಬಾಯಿ

ನಿಂಬರ್ಗಾದ ಹೀರಾಬಾಯಿ ಗಂಡ ದೌಲತರಾಯನ ಹಿಂದೆ ಮುಂಬೈಗೆ ಹೋದಾಗ ಅವಳಿಗೆ ಹತ್ತೊಂಬತ್ತು. ಅವನು ರಸ್ತೆ ಅಗೆಯುವ ಕೂಲಿ. ತಗಡು ಹೊತ್ತು ತಂದು, ಗೋಡೆಗೆ ಮಣ್ಣು ಮೆತ್ತಿ ಗುಡಿಸಲು ಎಬ್ಬಿಸಿದವಳು ಇವಳೇ. ಗಂಡ, ಮೈದುನ ನಾಗಣ್ಣ, ಅವನ ಹೆಂಡತಿ ಕಸ್ತೂರಿ, ಎಲ್ಲರಿಗೂ ರೊಟ್ಟಿ ಬಡಿದವಳೂ ಇವಳೇ. ನಲ್ಲಿಯ ಸಾಲಿನಲ್ಲಿ ನಿಂತು ನಿಂತು ಮರಾಠಿ ಕಲಿತಳು. ಆದರೂ ಅಲ್ಲಿ ಅವಳು ಕಾನಡಿ. ಊರಿಗೆ ಬಂದರೆ ಮುಂಬೈಯಾಕಿ.

ಎಪ್ಪತ್ತಾರನೆಯ ಇಸವಿಯಲ್ಲಿ ಊರಲ್ಲಿದ್ದ ಅತ್ತೆ ಗುರುಶಾಂತಮ್ಮನಿಗೆ ಲಕ್ವ ಹೊಡೆಯಿತು. ಗಂಡುಮಕ್ಕಳಿಬ್ಬರೂ ಕೆಲಸ ಬಿಡಲಿಲ್ಲ, ಹಿರಿಸೊಸೆ ಹೀರಾಬಾಯಿ ಹೋದಳು. ಆಕೆ ಊರಲ್ಲಿ ಅತ್ತೆಯ ಹಾಸಿಗೆ ಒಗೆಯುತ್ತಿದ್ದಾಗ ಸರ್ಕಾರದವರು ಗುಡಿಸಲು ಗುಡಿಸಲಿಗೆ ಬಂದು, ಬಾಗಿಲ ಮುಂದೆ ಮನೆಯವರನ್ನು ನಿಲ್ಲಿಸಿ ಗುಡಿಸಲಿನ ಪಾಸಿಗೆಂದು ಫೋಟೋ ತೆಗೆದರು. ಹೆಂಡತಿಯಿಲ್ಲದಿದ್ದರೆ ಪಾಸು ಸಿಗದೆಂದು ಹೆದರಿ ದೌಲತರಾಯ ಕಸ್ತೂರಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಹೀರಾಬಾಯಿ ಎಂದು ಬರೆಸಿದ. ಅತ್ತೆ ತುಸು ಚೇತರಿಸಿಕೊಂಡ ಮೇಲೆ ಹೆಂಡತಿ ಮರಳಿದಾಗ ಇದನ್ನು ಚೇಷ್ಟೆಯಂತೆ ಹೇಳಿದ. ಅವಳೂ ನಕ್ಕಳು.

ಐದು ವರ್ಷಕ್ಕೆ ದೌಲತರಾಯ ಕುಸಿದ ಮಣ್ಣಿನಡಿ ಸಿಕ್ಕು ಸತ್ತ. ಮರುವರ್ಷ ಗುಡಿಸಲುಗಳನ್ನು ತೆಗೆಯುವ ಹುಕುಂ ಬಂತು. ಪಾಸು ಇದ್ದವರಿಗೆ ಬೇರೆಡೆ ಜಾಗ. ಹೀರಾಬಾಯಿ ಪಾಸು ಹಿಡಿದು ನಿಂತಳು. ಗುಮಾಸ್ತ ಫೋಟೋ ನೋಡಿದ, ಇವಳನ್ನು ನೋಡಿದ. ನಡೆದದ್ದನ್ನೆಲ್ಲ ತನ್ನ ನಲ್ಲಿಯ ಮರಾಠಿಯಲ್ಲಿ ಹೇಳಿದಳು. ಅವನು ಕೇಳಿದ್ದು ಒಂದೇ: ಫೋಟೋದಲ್ಲಿರುವ ಹೆಂಗಸು ಎಲ್ಲಿ?

ಕಸ್ತೂರಿ ಹಿಂದೆಯೇ ಇದ್ದಳು. ಹತ್ತಿರ ಬಂದು ಮೆಲ್ಲಗೆ ಅಂದಳು, “ಯಕ್ಕಾ, ನಾ ಅಲ್ಲ ಅಂದ್ರ ಯಾರಿಗೂ ಜಾಗಾ ಸಿಗಂಗಿಲ್ಲ. ನೀನೇ ಹೇಳು, ಏನ್ ಮಾಡ್ಲಿ?”

ಹೀರಾಬಾಯಿ ಪಾಸನ್ನು ಅವಳ ಕೈಗಿತ್ತು ಪಕ್ಕಕ್ಕೆ ಸರಿದಳು. ಕಸ್ತೂರಿ ಹೀರಾಬಾಯಿಯ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿದಳು.

ಹೊಸ ಜಾಗದಲ್ಲಿ ಸಿಕ್ಕ ಒಂದೇ ಕೋಣೆಯ ಖೋಲಿ ಸಣ್ಣದು. ತಿಂಗಳೊಳಗೆ ನಾಗಣ್ಣ ಅತ್ತಿಗೆಯ ಮುಂದೆ ಊರಿನ ಮಾತು ತೆಗೆದ. “ವೈನಿ, ಅವ್ವ ಮತ್ತ ಹಾಸಿಗಿ ಹಿಡದಾಳ. ಆಕಿಗ ನಿಮ್ಮ ಕೈ ಹೊಂದ್ಯಾದ. ಹೊರಗಿನಾಕಿ ಇಟ್ರ ಪಗಾರ ಕೇಳ್ತಾಳ.”

ಹೀರಾಬಾಯಿ ನಿಂಬರ್ಗಾಕ್ಕೆ ಮರಳಿದಳು. ಅಲ್ಲಿಯ ರೇಶನ್ ಕಾರ್ಡಿನಿಂದ ಅವಳ ಹೆಸರು ಎಂದೋ ಹೋಗಿತ್ತು. ಮತ್ತೆ ಸೇರಿಸಿರೆಂದು ಆಳಂದಕ್ಕೆ ಮೂರು ಸಲ ಬಸ್ಸು ಹತ್ತಿದಳು. ಮೂರನೆಯ ಸಲ ಕಚೇರಿಯವನು ಬೇಸರವಿಲ್ಲದೆ ತಿಳಿಸಿ ಹೇಳಿದ, “ಮುಂಬೈದಾಗ ನಿಮ್ಮ ಹೆಸರ ತಗದಾರಂತ ಕಾಗದ ತರ್ರಿ ಬಾಯಿ. ಒಬ್ರ ಹೆಸರ ಎರಡು ಕಡಿ ಬರಂಗಿಲ್ಲ.”

ಮುಂಬೈಯಲ್ಲಿ ಹೆಸರು ತೆಗೆದಿರಲಿಲ್ಲ. ಆ ಹೆಸರಿನಲ್ಲಿ ಕಸ್ತೂರಿ ಪ್ರತಿ ತಿಂಗಳು ಸಕ್ಕರೆ, ಗೋಧಿ ತರುತ್ತಿದ್ದಳು. ತೆಗೆಸಿದರೆ ಆ ಖೋಲಿಯೂ ಹೋದೀತು. ಹೀರಾಬಾಯಿ ಸೆರಗು ಸರಿಮಾಡಿಕೊಂಡು ಎದ್ದಳು. ಅತ್ತೆಯನ್ನು ಮಗ್ಗುಲು ಹೊರಳಿಸುವ ಹೊತ್ತು ಮೀರುತ್ತಿತ್ತು.